ಎಳೆಗುದುರೆಯ ಶಿಕ್ಷಣವೂ ಕಡಿವಾಣವೂ

ಹಿಡಿತಕ್ಕೆ ಸಿಕ್ಕದ ಮನುಷ್ಯನನ್ನು ಲಗಾಮಿಲ್ಲದ ಕುದುರೆಯೆನ್ನುವುದು ನಮ್ಮಲ್ಲಿ ರೂಢಿಯ ಮಾತು. ಬಾಯಲ್ಲಿ ಕಬ್ಬಿಣವಿಲ್ಲದೆ ಕುದುರೆಯು ಯಾರ ವಶಕ್ಕೂ ಬಾರದೆಂಬ ನಂಬಿಕೆಯು ಆ ಮಾತಿನ ಹಿಂದೆ ಇದೆ. ಆದಕಾರಣ ಮನೆಯಲ್ಲಿ ಹುಟ್ಟಿದ ಅಥವಾ ಕೊಂಡುತಂದ ಕುದುರೆಮರಿಗೆ ಎರಡು ವರ್ಷ ದಾಟಿತೆಂದರೆ, ಕಡಿವಾಣವೊಂದನ್ನು ತಂದು ಅದರ ಬಾಯಿಗೆ ತೊಡಿಸುವುದೇ ಶಿಕ್ಷಣದ ಮೊದಲ ಹೆಜ್ಜೆಯಾಗುತ್ತದೆ. ಮರಿಯು ತಲೆಯೊದರಿದರೆ ಇನ್ನಷ್ಟು ಬಿರುಸಾದ ಕಡಿವಾಣ. ಅದಕ್ಕೂ ಜಗ್ಗದಿದ್ದರೆ ಮುಳ್ಳಿನ ಕಡಿವಾಣ. ಹೀಗೆ ಏರುತ್ತ ಹೋಗಿ, ಐದಾರು ವರ್ಷಕ್ಕೆ ಪೂರ್ಣ ಬಲಕ್ಕೆ ಬರಬೇಕಾಗಿದ್ದ ಪ್ರಾಣಿಯು ಬಾಯಿ ಜಡ್ಡುಗಟ್ಟಿ, ಸ್ವಭಾವ ಕೆಟ್ಟು, ಅರ್ಧ ಕ್ರಯಕ್ಕೆ ಮಾರಾಟವಾಗುವುದುಂಟು.

ಇದಕ್ಕೆ ತೀರ ವಿರುದ್ಧವಾದ ಅಭಿಪ್ರಾಯವೊಂದು ಈಚಿನ ವರ್ಷಗಳಲ್ಲಿ ಹಬ್ಬಿದೆ. ಕಡಿವಾಣವೆಂಬುದೇ ಕ್ರೌರ್ಯದ ಸಾಧನ, ಅದನ್ನು ಸಂಪೂರ್ಣವಾಗಿ ತೊರೆದು ಮೂಗಿನ ಪಟ್ಟಿಯೊಂದರಿಂದಲೇ ಕುದುರೆಯನ್ನು ನಡೆಸಬೇಕು, ಹಾಗೆ ಮಾಡಿದರೆ ಯಾವ ತೊಂದರೆಯೂ ಇಲ್ಲ ಎಂಬುದು ಈ ಪಕ್ಷದವರ ವಾದ. ಮೊದಲನೆಯ ನಂಬಿಕೆಯಿಂದ ಪ್ರಾಣಿಗೆ ಹಾನಿಯುಂಟಾಗುವಂತೆ, ಎರಡನೆಯದನ್ನು ವಿವೇಚನೆಯಿಲ್ಲದೆ ಅನುಸರಿಸಿದರೂ ಪ್ರಾಣಿಗೂ ಸವಾರನಿಗೂ ಹಾನಿಯುಂಟು. ಉಳುವ ಕೆಲಸಕ್ಕೆ ಟ್ರ್ಯಾಕ್ಟರೂ ತಿರುಗಾಟಕ್ಕೆ ಮೋಟಾರೂ ಬಂದ ಮೇಲೆ ಹಳ್ಳಿಗಳಲ್ಲಿ ಕುದುರೆ ಕಡಿಮೆಯಾಗಿರುವುದು ನಿಜ. ಆದರೂ ಮೈಸೂರಿನ ಟಾಂಗಾಗಳಿಗೆ, ಉತ್ತರ ಕರ್ನಾಟಕದ ಜಾತ್ರೆಗಳ ಗಾಡಿ ಓಟಗಳಿಗೆ, ಮದುವೆ ಮೆರವಣಿಗೆಗಳಿಗೆ ಅದು ಇಂದಿಗೂ ಬೇಕು. ಮಾರವಾಡಿ, ಕಾಠಿಯಾವಾಡಿ ತಳಿಗಳ ಮರಿಗಳನ್ನು ಹೆಚ್ಚಿನ ಬೆಲೆ ತೆತ್ತು ತರುವ ಜಮೀನುದಾರರೂ ಇದ್ದಾರೆ. ಹಾಗೆ ತಂದ ಮರಿಯನ್ನು ಕೆಡಿಸದೆ ಕೆಲಸಕ್ಕೆ ತರುವುದು ಹೇಗೆಂಬುದೇ ಇಲ್ಲಿಯ ವಿಷಯ.

ಮೊದಲು ಎರಡು ಶಬ್ದಗಳನ್ನು ಬೇರ್ಪಡಿಸಿಕೊಳ್ಳುವುದು ಒಳ್ಳೆಯದು. ಲಗಾಮೆಂದರೆ ಸವಾರನ ಕೈಗೆ ಬರುವ ವಾರು. ಕಡಿವಾಣವೆಂದರೆ ಕುದುರೆಯ ಬಾಯೊಳಗೆ ಅಡ್ಡವಾಗಿ ಕೂರುವ ಲೋಹದ ತುಂಡು. ಲಗಾಮನ್ನು ಕಡಿವಾಣಕ್ಕೂ ಕಟ್ಟಬಹುದು, ಮೂಗುಪಟ್ಟಿಗೂ ಕಟ್ಟಬಹುದು. ಲಗಾಮಿಲ್ಲದ ಸವಾರಿ ಅಪಾಯದ್ದೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಕಡಿವಾಣವಿಲ್ಲದ ಸವಾರಿಯೂ ಅಷ್ಟೇ ಅಪಾಯದ್ದೇ ಎಂಬುದು ಮಾತ್ರ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವು ಕುದುರೆಯ ಬಾಯಲ್ಲಿಯೇ ಇದೆ. ಕುದುರೆಯ ದವಡೆಯ ಮುಂದುಗಡೆ ಹುಲ್ಲನ್ನು ಕತ್ತರಿಸುವ ಬಾಚಿಹಲ್ಲುಗಳು ಮೇಲೆ ಆರು, ಕೆಳಗೆ ಆರು. ಹಿಂದುಗಡೆ ಅರೆಯುವ ದವಡೆಹಲ್ಲುಗಳು ಒಂದೊಂದು ಪಕ್ಕಕ್ಕೆ ಮೇಲೆ ಆರು, ಕೆಳಗೆ ಆರು. ಈ ಎರಡು ಸಾಲುಗಳ ನಡುವೆ ಹಲ್ಲಿಲ್ಲದ ಒಂದು ತೆರಪುಂಟು. ಗಂಡುಕುದುರೆಯಲ್ಲಿ ಆ ತೆರಪಿನ ಮುಂಭಾಗದಲ್ಲಿ ಕೋರೆಹಲ್ಲು ಇರುತ್ತದೆ. ಹೆಣ್ಣಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಕಡಿವಾಣವು ಕೂರುವುದು ಈ ತೆರಪಿನಲ್ಲಿ. ಸೃಷ್ಟಿಕರ್ತನು ಕಡಿವಾಣಕ್ಕಾಗಿಯೇ ಈ ಜಾಗವನ್ನು ಬಿಟ್ಟಿದ್ದಾನೆಂದು ಹಳೆಯ ಸವಾರರು ಹೇಳುವುದುಂಟು. ಹುಲ್ಲು ಮೇಯುವ ಬೇರೆ ಎಷ್ಟೋ ಪ್ರಾಣಿಗಳಿಗೂ ಇಂತಹದೇ ತೆರಪಿರುವುದರಿಂದ ಈ ಮಾತಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಆ ತೆರಪಿನಲ್ಲಿ ಕೆಳದವಡೆಯ ಮೂಳೆಯು ಕಿರಿದಾದ ಏಣಿನಂತೆ ಇದ್ದು, ಅದರ ಮೇಲೆ ತೆಳುವಾದ ಒಸಡು ಮಾತ್ರ ಹೊದಿದಿರುತ್ತದೆ. ಮನುಷ್ಯನ ಮೊಣಕಾಲ ಕೆಳಗಿನ ಮುಂಗಾಲ ಮೂಳೆಗೆ ಏಟು ತಗಲಿದರೆ ಎಂತಹ ನೋವಾಗುವುದೆಂದು ಬಲ್ಲವರು ಇದನ್ನು ಊಹಿಸಬಹುದು. ಇನ್ನು ನಾಲಗೆಯು ಬಾಯನ್ನೆಲ್ಲ ತುಂಬಿಕೊಂಡಿರುವುದರಿಂದ ಕಡಿವಾಣದ ಭಾರವು ಮೊದಲು ಅದರ ಮೇಲೆ, ಅನಂತರ ಒಸಡಿನ ಮೇಲೆ, ಕಡೆಗೆ ತುಟಿಗಳ ಮೂಲೆಗಳ ಮೇಲೆ ಬೀಳುತ್ತದೆ.

ಜಮೀನುದಾರರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿ ಹಲ್ಲು ಬೀಳುವ ಕಾಲ. ಮಧ್ಯದ ಬಾಚಿಹಲ್ಲುಗಳು ಎರಡೂವರೆ ವರ್ಷಕ್ಕೆ, ಅವುಗಳ ಪಕ್ಕದವು ಮೂರೂವರೆಗೆ, ಕೊನೆಯವು ನಾಲ್ಕೂವರೆಗೆ ಬದಲಾಗುವುದನ್ನು ನೋಡಿಯೇ ಕುದುರೆಯ ವಯಸ್ಸನ್ನು ಹೇಳುವುದು ಎಲ್ಲರಿಗೂ ಗೊತ್ತು. ಆದರೆ ಕಣ್ಣಿಗೆ ಬೀಳದ ದವಡೆಹಲ್ಲುಗಳಲ್ಲಿ ಮುಂದಿನ ಮೂರು ಕೂಡ ಸುಮಾರು ಎರಡೂವರೆ, ಮೂರು, ನಾಲ್ಕು ವರ್ಷಗಳಲ್ಲಿ ಹಾಲುಹಲ್ಲನ್ನು ತಳ್ಳಿಕೊಂಡು ಬರುತ್ತವೆ. ಕೋರೆಹಲ್ಲು ನಾಲ್ಕರಿಂದ ಐದರೊಳಗೆ ಮೂಡುತ್ತದೆ. ದವಡೆಹಲ್ಲಿನ ಸಾಲಿಗೆ ತುಸು ಮುಂದೆ, ಹೆಚ್ಚಾಗಿ ಮೇಲ್ದವಡೆಯಲ್ಲಿ, ಬೇಳೆಕಾಳಿನಂತಹ ಚಿಕ್ಕ ಹಲ್ಲೊಂದು ಕೆಲವು ಕುದುರೆಗಳಿಗೆ ಇರುತ್ತದೆ. ಅದರಿಂದ ಪ್ರಾಣಿಗೆ ಯಾವ ಉಪಯೋಗವೂ ಇಲ್ಲ. ಕಡಿವಾಣವು ಅದಕ್ಕೆ ತಾಗಿದರೆ ಮಾತ್ರ ತಾಳಲಾರದ ನೋವು. ಎಂದರೆ, ಎರಡೂವರೆಯಿಂದ ನಾಲ್ಕೂವರೆ ವರ್ಷದವರೆಗೆ, ಯಾವ ಕಾಲದಲ್ಲಿ ಮರಿಯನ್ನು ಪಳಗಿಸುವ ವಾಡಿಕೆಯಿದೆಯೋ ಅದೇ ಕಾಲದಲ್ಲಿ, ಅದರ ಬಾಯಿ ಒಂದಲ್ಲ ಒಂದು ಕಡೆ ಊದಿ ನೋಯುತ್ತಿರುತ್ತದೆ. ಆ ಬಾಯಿಗೆ ಕಬ್ಬಿಣವನ್ನು ಇಟ್ಟು ಎಳೆದಾಗ ಮರಿಯು ತಲೆಯನ್ನು ಮೇಲಕ್ಕೆ ಎಸೆದರೆ ಅದನ್ನು ಮೊಂಡುತನವೆಂದು ಎಣಿಸುವುದು ಅನ್ಯಾಯ.

ಕಡಿವಾಣಗಳಲ್ಲಿ ಎರಡು ಮುಖ್ಯ ಜಾತಿಗಳು. ಮೊದಲನೆಯದರಲ್ಲಿ ಬಾಯೊಳಗಿನ ಸರಳಿನ ಎರಡು ಕೊನೆಗಳಿಗೂ ಬಳೆಗಳಿದ್ದು, ಲಗಾಮನ್ನು ನೇರವಾಗಿ ಆ ಬಳೆಗಳಿಗೇ ಕಟ್ಟಿರುತ್ತದೆ. ಸವಾರನು ಎಷ್ಟು ಎಳೆಯುವನೋ ಅಷ್ಟೇ ಬಾಯಿಗೆ ತಗಲುತ್ತದೆ. ಸರಳು ಅಖಂಡವಾಗಿರಬಹುದು, ನಡುವೆ ಕೀಲಿರಬಹುದು. ಒಂದೇ ಕೀಲಿನದು ಎಳೆದಾಗ ಅಡಿಕೆ ಕತ್ತರಿಯಂತೆ ಮಡಿಚಿಕೊಳ್ಳುತ್ತದೆ. ಎರಡನೆಯ ಜಾತಿಯಲ್ಲಿ ಸರಳಿನ ಇಕ್ಕೆಲದಲ್ಲಿಯೂ ಉದ್ದನೆಯ ಕಂಬಿಗಳಿದ್ದು, ಲಗಾಮು ಕಂಬಿಯ ಕೆಳತುದಿಗೆ ಇರುತ್ತದೆ. ಮೇಲ್ತುದಿಯಿಂದ ಗಲ್ಲದ ಕೆಳಗೆ ಒಂದು ಸರಪಣಿ ಹಾಯುತ್ತದೆ. ಇದು ಕಲ್ಲನ್ನೆಬ್ಬಿಸುವ ಹಾರೆಯಂತೆ ಕೆಲಸಮಾಡತಕ್ಕದ್ದು. ಸರಳಿನಿಂದ ಮೇಲಕ್ಕೆ 5 ಸೆಂಟಿಮೀಟರ್, ಕೆಳಕ್ಕೆ 10 ಸೆಂಟಿಮೀಟರ್ ಕಂಬಿಯಿದ್ದರೆ, ಸವಾರನು 1 ಕಿಲೋಗ್ರಾಂ ತೂಕದಷ್ಟು ಎಳೆದಾಗ ಗಲ್ಲದ ಸರಪಣಿಯ ಮೇಲೆ 2 ಕಿಲೋಗ್ರಾಂ, ಬಾಯೊಳಗೆ 3 ಕಿಲೋಗ್ರಾಂ ಒತ್ತಡ ಬೀಳುತ್ತದೆ. ಕೆಳಗಿನ ಕಂಬಿಯನ್ನು ಇನ್ನೂ ಉದ್ದಮಾಡಿದರೆ ಒತ್ತಡವು ಅದೇ ಲೆಕ್ಕದಲ್ಲಿ ಏರುತ್ತದೆ. ನುರಿತ ಸವಾರನು ಈ ಉಪಕರಣವನ್ನು ಕಿರುಬೆರಳಿನಿಂದ ಆಡಿಸುವನು. ಹಗ್ಗ ಜಗ್ಗುವವರಂತೆ ಲಗಾಮು ಹಿಡಿಯುವವನ ಕೈಗೆ ಇದನ್ನು ಕೊಡುವುದು ಕುದುರೆಗೆ ಮಾಡುವ ದ್ರೋಹವೇ ಸರಿ.

ಮುಳ್ಳಿನ ಕಡಿವಾಣವನ್ನು ಈ ಎರಡು ಜಾತಿಗಳಲ್ಲಿ ಸೇರಿಸುವುದೇ ಬೇಡ. ಇದು ಹೊಸದೇನೂ ಅಲ್ಲ. ಅಲೆಗ್ಸಾಂಡರನ ನೌಕಾಧಿಪತಿಯಾಗಿದ್ದ ನಿಯಾರ್ಕಸನ ಬರವಣಿಗೆಯನ್ನು ಆಧರಿಸಿ ಕ್ರಿ.ಶ. 2ನೆಯ ಶತಮಾನದಲ್ಲಿ ಗ್ರೀಕ್ ಲೇಖಕ ಅರಿಯನನು ಬರೆದ ವರ್ಣನೆಯಲ್ಲಿ, ಭಾರತೀಯರು ಕುದುರೆಯ ಮೂತಿಯ ಸುತ್ತ ಹಸಿಯ ಎತ್ತಿನ ಚರ್ಮದ ಪಟ್ಟಿಯನ್ನು ಹೊಲಿದು, ಅದರಲ್ಲಿ ಒಳಮುಖವಾಗಿ ಕಂಚಿನ ಅಥವಾ ಕಬ್ಬಿಣದ ಮುಳ್ಳುಗಳನ್ನು ಕೂರಿಸುತ್ತಿದ್ದರೆಂದೂ, ಶ್ರೀಮಂತರ ಕುದುರೆಗಳಿಗೆ ಆ ಮುಳ್ಳು ದಂತದ್ದಾಗಿರುತ್ತಿತ್ತೆಂದೂ ಹೇಳಿದೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಪದ್ಧತಿಯ ಸಂತತಿಯು ಬೇರೆ ಬೇರೆ ರೂಪದಲ್ಲಿ ನಮ್ಮ ದೇಶದ ಸಂತೆ ಜಾತ್ರೆಗಳಲ್ಲಿ ಉಳಿದುಬಂದಿರುವುದು ಶೋಚನೀಯ. 1960ರ ಪ್ರಾಣಿ ಕ್ರೌರ್ಯ ತಡೆ ಕಾಯಿದೆಯಡಿ 1965ರಲ್ಲಿ ಮಾಡಲಾದ, ಎಳೆಯುವ ಮತ್ತು ಹೊರುವ ಪ್ರಾಣಿಗಳಿಗೆ ಸಂಬಂಧಿಸಿದ ನಿಯಮಗಳಲ್ಲಿ, ಮುಳ್ಳು, ಗುಬುಟು ಅಥವಾ ಚೂಪಾದ ಚಾಚುಗಳುಳ್ಳ ಕೋಲು, ಕಡಿವಾಣ, ನೊಗ ಮೊದಲಾದವುಗಳ ಉಪಯೋಗವನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಜಾತ್ರೆಯ ಓಟಗಳನ್ನು ನಡೆಸುವ ಊರಿನ ಯಜಮಾನರು, ಗಾಡಿಗಳು ಸಾಲಿಗೆ ನಿಲ್ಲುವ ಮುಂಚೆಯೇ ಪ್ರತಿಯೊಂದು ಕುದುರೆಯ ಬಾಯನ್ನು ತೆಗೆಸಿ ನೋಡಿ, ಮುಳ್ಳಿನ ಕಡಿವಾಣವುಳ್ಳದ್ದನ್ನು ಓಟದಿಂದ ಬಿಡುವುದು ಅವರ ಅಧಿಕಾರಕ್ಕೆ ಒಳಪಟ್ಟ ಸಂಗತಿ. ಅದಕ್ಕೆ ಖರ್ಚೂ ಇಲ್ಲ, ಹೆಚ್ಚು ಹೊತ್ತೂ ಬೇಡ.

ಮುಳ್ಳಿಲ್ಲದ ನುಣುಪಾದ ಕಡಿವಾಣದಿಂದ ಹಾನಿಯೇ ಇಲ್ಲವೆಂದು ನೆಮ್ಮದಿಪಡುವಂತೆಯೂ ಇಲ್ಲ. ಫಿನ್ಲೆಂಡ್ ದೇಶದಲ್ಲಿ ಹಗುರವಾದ ಗಾಡಿಯನ್ನೆಳೆಯುತ್ತ ದುಡಿಕಿಯ ನಡೆಯಲ್ಲಿ ಪಂದ್ಯವೋಡುವ 261 ಕುದುರೆಗಳ ಬಾಯನ್ನು ಪಶುವೈದ್ಯರು ಓಟ ಮುಗಿದೊಡನೆಯೇ ಪರೀಕ್ಷಿಸಿ, 2019ರಲ್ಲಿ ವರದಿಯನ್ನು ಪ್ರಕಟಿಸಿದರು. ನೂರಕ್ಕೆ 84 ಕುದುರೆಗಳಲ್ಲಿ ಕಡಿವಾಣವು ಕೂರುವ ಜಾಗದಲ್ಲಿ ಹೊಸದಾದ ಗಾಯ ಅಥವಾ ಜಜ್ಜಿದ ಗುರುತು ಕಂಡಿತು. ಇದರಲ್ಲಿ ಮುಖ್ಯವಾಗಿ ತಿಳಿಯತಕ್ಕದ್ದೇನೆಂದರೆ, ಬಾಯಿಯ ಹೊರಗೆ ರಕ್ತವು ಕಾಣಿಸಿಕೊಂಡದ್ದು ಅವುಗಳಲ್ಲಿ ತೀರ ಕೆಲವಕ್ಕೆ ಮಾತ್ರ. ಹೊರಗಿನಿಂದ ನೋಡಿ, ರಕ್ತವಿಲ್ಲವಾದ್ದರಿಂದ ಬಾಯಿ ಚೆನ್ನಾಗಿದೆಯೆಂದು ತೀರ್ಮಾನಿಸುವ ಮಾಲೀಕನು ಮೋಸಹೋಗುತ್ತಾನೆ. ಅದೇ ವರ್ಷ ರಾಬರ್ಟ್ ಕುಕ್ ಎಂಬ ಪಶುವೈದ್ಯ ಪ್ರಾಧ್ಯಾಪಕರೂ ಅವರ ಸಹೋದ್ಯೋಗಿಯೂ 66 ಕುದುರೆಗಳ ವಿಷಯವಾಗಿ ಬರೆದ ಲೇಖನದಲ್ಲಿ, ನೋವನ್ನು ಸೂಚಿಸುವ 69 ಬಗೆಯ ನಡತೆಗಳನ್ನು ಪಟ್ಟಿಮಾಡಿ, ಕಡಿವಾಣವನ್ನು ಬಿಡಿಸಿದ ಮೇಲೆ ಅವು ನೂರಕ್ಕೆ 87ರಷ್ಟು ತಗ್ಗಿದುವೆಂದು ಹೇಳಿದರು. ಈ ಎರಡನೆಯ ಲೆಕ್ಕವನ್ನು ತುಸು ಎಚ್ಚರಿಕೆಯಿಂದ ಸ್ವೀಕರಿಸಬೇಕು. ನಡತೆಗಳನ್ನು ಗುರುತಿಸಿದವರು ಆ ಕುದುರೆಗಳ ಸವಾರರೇ. ಮೇಲಾಗಿ ಕುಕ್ ಅವರು ಕಡಿವಾಣವಿಲ್ಲದ ಲಗಾಮೊಂದನ್ನು ತಾವೇ ರೂಪಿಸಿ ಮಾರಾಟಕ್ಕೆ ತಂದವರು. ಆದರೂ ಎರಡು ವರದಿಗಳೂ ಒಂದೇ ದಿಕ್ಕನ್ನು ತೋರಿಸುತ್ತವೆ.

ಹಾಗಾದರೆ ಕಡಿವಾಣವನ್ನು ಬಿಟ್ಟು ಮೂಗುಪಟ್ಟಿಯನ್ನು ಕಟ್ಟಿದರೆ ಎಲ್ಲವೂ ಸರಿಹೋಯಿತೇ ಎಂದರೆ, ಇಲ್ಲ. ಕುದುರೆಯ ಮೂಗಿನ ಮೂಳೆಯು ಕೆಳಕ್ಕೆ ಬಂದಂತೆಲ್ಲ ತೆಳುವಾಗಿ, ಕೊನೆಗೆ ಮೂಳೆಯೇ ಮುಗಿದು ಮೆತ್ತನೆಯ ಮೃದ್ವಸ್ಥಿ ಮಾತ್ರ ಉಳಿಯುತ್ತದೆ. ಕುದುರೆಯು ಮನುಷ್ಯನಂತೆ ಬಾಯಿಂದ ಉಸಿರಾಡಲಾರದು. ಅದರ ಉಸಿರೆಲ್ಲ ಮೂಗಿನ ಮೂಲಕವೇ. ಪಟ್ಟಿಯನ್ನು ಬಹಳ ಕೆಳಗೆ ಕಟ್ಟಿದರೆ ಎಳೆದಾಗಲೆಲ್ಲ ಉಸಿರು ಕಟ್ಟಿ ಪ್ರಾಣಿಯು ಗಾಬರಿಯಾಗುತ್ತದೆ. ಆದ್ದರಿಂದ ಕೆನ್ನೆಯ ಉಬ್ಬುಮೂಳೆಯು ಮುಗಿಯುವ ಜಾಗದಿಂದ ಎರಡು ಬೆರಳಿನಷ್ಟು ಕೆಳಗೆ, ಗಟ್ಟಿ ಮೂಳೆಯ ಮೇಲೆಯೇ ಪಟ್ಟಿಯಿರಬೇಕು. ಪಟ್ಟಿಗೂ ಮೂಗಿಗೂ ನಡುವೆ ಎರಡು ಬೆರಳು ಸಲೀಸಾಗಿ ತೂರಬೇಕು. ತೆಳ್ಳನೆಯ ನೈಲಾನ್ ಹಗ್ಗವನ್ನು ಮೂತಿಗೆ ಸುತ್ತಿ ಅದನ್ನೇ ಲಗಾಮು ಮಾಡಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು. ಅದು ಚರ್ಮವನ್ನು ಕೊಯ್ದು, ಗಾಯವು ಮಾಯ್ದ ಮೇಲೆ ಬಿಳಿಯ ಕೂದಲನ್ನು ಉಳಿಸುತ್ತದೆ. ಅಗಲವಾದ ಮೆತ್ತನೆಯ ಚರ್ಮವೋ ದಪ್ಪ ನೂಲಿನ ಹೆಣಿಗೆಯೋ ಬೇಕು. ಉದ್ದನೆಯ ಕಂಬಿ ಮತ್ತು ಗಲ್ಲದ ಸರಪಣಿಯುಳ್ಳ ಯಾಂತ್ರಿಕ ಮೂಗುಪಟ್ಟಿಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ಬಾಯಲ್ಲಿ ಕಬ್ಬಿಣವಿಲ್ಲವೆಂಬುದರಿಂದ ಅವುಗಳನ್ನು ಸೌಮ್ಯವೆಂದು ಭಾವಿಸುವವರಿದ್ದಾರೆ. ಮೇಲೆ ಹೇಳಿದ ಹಾರೆಯ ಲೆಕ್ಕವು ಅವಕ್ಕೂ ಅನ್ವಯಿಸುವುದರಿಂದ ಒರಟು ಕೈಯಲ್ಲಿ ಅವು ಕಡಿವಾಣಕ್ಕಿಂತಲೂ ಕೆಟ್ಟವು. ಎಳೆಯ ಕುದುರೆಗೆ ತಕ್ಕುದೆಂದರೆ, ಮೂಗುಪಟ್ಟಿಯ ಎರಡು ಪಕ್ಕಗಳಲ್ಲಿ ಬಳೆಯಿದ್ದು ಅವಕ್ಕೆ ನೇರವಾಗಿ ಲಗಾಮು ಕಟ್ಟುವ ಸಾದಾ ಬಗೆ. ಇದನ್ನು ಚರ್ಮದ ಕೆಲಸ ಬಲ್ಲ ಯಾವ ಊರಿನವರೂ ಹೊಲಿದುಕೊಡಬಲ್ಲರು.

ಬಾಯಲ್ಲಿರಲಿ, ಮೂಗಿನ ಮೇಲಿರಲಿ, ಕುದುರೆಗೆ ಪಾಠವಾಗುವುದು ಒತ್ತಡವನ್ನು ಸಡಿಲಿಸಿದ ಕ್ಷಣದಲ್ಲಿ. ಲಗಾಮಿನ ಒತ್ತಡ ಬಂದಾಗ ಕುದುರೆಯು ನಿಂತಿತು. ನಿಂತೊಡನೆ ಒತ್ತಡ ಹೋಯಿತು. ನಿಂತರೆ ಹಾಯೆನಿಸುತ್ತದೆಂದು ಅದಕ್ಕೆ ತಿಳಿಯಿತು. ನಿಂತ ಮೇಲೂ ಎಳೆಯುತ್ತಲೇ ಇದ್ದರೆ, ನಿಂತದ್ದರಿಂದ ಏನೂ ಲಾಭವಿಲ್ಲವೆಂಬುದನ್ನು ಅದು ಅಷ್ಟೇ ಚೆನ್ನಾಗಿ ಕಲಿಯುತ್ತದೆ. ಉಳುವ ಎತ್ತುಗಳ ವಿಷಯದಲ್ಲಿ ನಮ್ಮ ರೈತರು ಇದನ್ನು ಬಲ್ಲರು. ಒಳ್ಳೆಯ ಆರಂಬಗಾರನ ಎತ್ತು ಕರೆದ ದನಿಗೆ ತಿರುಗುತ್ತದೆ, ಹಗ್ಗವು ಸಡಿಲವಾಗಿಯೇ ಇರುತ್ತದೆ. ಮೂಗುದಾರವನ್ನು ಕಂಡಕಂಡಲ್ಲಿ ಜಗ್ಗುವವನ ಎತ್ತಿಗೆ ಮೂಗು ಹರಿದು ಹುಣ್ಣಾಗುತ್ತದಲ್ಲದೆ ಸಾಲು ನೆಟ್ಟಗಾಗುವುದಿಲ್ಲ. ಎತ್ತಿನಲ್ಲಿ ಕಂಡ ಈ ಅನುಭವವನ್ನು ಕುದುರೆಯನ್ನೇರಿದೊಡನೆ ಮರೆಯುವುದು ವಿಚಿತ್ರ.

ಈ ತತ್ತ್ವದ ಮೇಲೆಯೇ ನಡೆದ ಒಂದು ಪದ್ಧತಿಯು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ದನಗಾಹಿ ಸವಾರರದು. ಸ್ಪೇನಿನಿಂದ ಮೆಕ್ಸಿಕೋ ಮಾರ್ಗವಾಗಿ ಬಂದ ಈ ಸಂಪ್ರದಾಯದಲ್ಲಿ ಎಳೆಗುದುರೆಯ ಬಾಯಿಗೆ ಮೊದಲು ಏನನ್ನೂ ಇಡುವುದಿಲ್ಲ. ಹಸಿಚರ್ಮದ ಎಳೆಗಳನ್ನು ಹೆಣೆದು ಮಾಡಿದ ಮೂಗುಬಳೆಯನ್ನೂ ಅದಕ್ಕೆ ಕುದುರೆಯ ಕೂದಲಿನಿಂದ ಹೊಸೆದ ಹಗ್ಗದ ಲಗಾಮನ್ನೂ ಹಾಕಿ, ನಿಲ್ಲುವುದು, ತಿರುಗುವುದು, ಹಿಮ್ಮೆಟ್ಟುವುದು, ದನಗಳ ಹಿಂದೆ ಓಡುವುದು ಇವೆಲ್ಲವನ್ನೂ ಕಲಿಸುತ್ತಾರೆ. ಹಲ್ಲುಗಳೆಲ್ಲ ಬದಲಾಗಿ ಬಾಯಿಯು ಬಲಿತ ಮೇಲೆ ಕಡಿವಾಣವನ್ನು ಇಡುತ್ತಾರಾದರೂ, ಬಹುಕಾಲದವರೆಗೆ ಮೂಗಿನ ಲಗಾಮನ್ನೂ ಜೊತೆಯಲ್ಲಿಯೇ ಉಳಿಸಿ, ಸವಾರನು ನಾಲ್ಕು ಎಳೆಗಳನ್ನು ಹಿಡಿದು ನಡೆಸುತ್ತಾನೆ. ಕುದುರೆಗೆ ತಿಳಿದಿರುವ ಮಾತನ್ನು ಮೂಗಿನ ಮೇಲೆ ಹೇಳಿ, ಅದೇ ಮಾತಿನ ಮೆಲುದನಿಯನ್ನು ಬಾಯಲ್ಲಿ ಕೇಳಿಸುವುದು ಇದರ ಉದ್ದೇಶ. ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಸೇನಾನಿ ಕ್ಸೆನೊಫನನು ಅಶ್ವಾರೋಹಣವನ್ನು ಕುರಿತ ತನ್ನ ಗ್ರಂಥದಲ್ಲಿ ಇದಕ್ಕೆ ವಿಪರೀತವಾಗಿ, ಬಿರುಸಾದದ್ದೊಂದು ನುಣುಪಾದದ್ದೊಂದು ಎರಡು ಕಡಿವಾಣಗಳಿರಬೇಕೆಂದೂ, ಬಿರುಸಾದದ್ದರ ಅನುಭವವಾದ ಕುದುರೆಯು ನುಣುಪಾದದ್ದನ್ನು ಪ್ರೀತಿಸುವುದೆಂದೂ ವಿಧಿಸಿದ್ದನು. ಮೃದುವಾದ ಕೈಯನ್ನು ಅಷ್ಟು ಹೊಗಳಿದ ಆತನೂ ಆರಂಭವನ್ನು ಮಾತ್ರ ನೋವಿನಿಂದಲೇ ಮಾಡಿದನು. ಕ್ಯಾಲಿಫೋರ್ನಿಯಾದ ಕ್ರಮವೇ ನಮ್ಮ ರೈತರಿಗೆ ಹೆಚ್ಚು ಒಪ್ಪುವಂತಹದು.

ಅದನ್ನು ನಮ್ಮ ಅನುಕೂಲಕ್ಕೆ ಹೀಗೆ ಹೊಂದಿಸಿಕೊಳ್ಳಬಹುದು. ಮರಿಯು ತಾಯಿಯ ಪಕ್ಕದಲ್ಲಿರುವಾಗಲೇ ಮುಖಪಟ್ಟಿಗೆ ರೂಢಿಯಾಗಿರಲಿ. ಎರಡು ವರ್ಷದ ಮೇಲೆ, ದಿನಕ್ಕೆ ಹತ್ತು ಹದಿನೈದು ನಿಮಿಷ ಮಾತ್ರ, ಮೂಗಿನ ಪಟ್ಟಿಯಿಂದ ನಡೆಸುವುದು, ನಿಲ್ಲಿಸುವುದು, ಒಂದೊಂದೇ ಹೆಜ್ಜೆ ಹಿಮ್ಮೆಟ್ಟಿಸುವುದನ್ನು ಕಲಿಸಬೇಕು. ಪ್ರತಿಯೊಂದಕ್ಕೂ ಒಂದೇ ಶಬ್ದವನ್ನು ಬಳಸಬೇಕು. ಮನೆಯಲ್ಲಿ ಯಜಮಾನನು ಒಂದು ಶಬ್ದದಿಂದಲೂ ಕಾಸದಾರನು ಇನ್ನೊಂದರಿಂದಲೂ ನಿಲ್ಲಿಸಿದರೆ ಮರಿಯು ಎರಡನ್ನೂ ಕಲಿಯುವುದಿಲ್ಲ. ಅನಂತರ ಎರಡು ಉದ್ದವಾದ ಹಗ್ಗಗಳನ್ನು ಮೂಗುಪಟ್ಟಿಯ ಬಳೆಗಳಿಗೆ ಕಟ್ಟಿ, ಹಿಂದುಗಡೆ ಒದೆತಕ್ಕೆ ಸಿಕ್ಕದಷ್ಟು ದೂರದಲ್ಲಿ ನಡೆಯುತ್ತ, ಊರ ಹೊರಗಿನ ದಾರಿಗಳಲ್ಲಿ ಓಡಾಡಿಸಬೇಕು. ಮೋಟಾರು, ನಾಯಿ, ವಾದ್ಯ, ಹಾರುವ ಪ್ಲಾಸ್ಟಿಕ್ ಚೀಲ ಇವುಗಳ ಪರಿಚಯವು ಸವಾರನಿನ್ನೂ ಬೆನ್ನೇರದಿರುವಾಗಲೇ ಆಗತಕ್ಕದ್ದು. ಗಾಡಿಗೆ ಹೂಡುವ ಕುದುರೆಗಂತೂ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮೂರು ವರ್ಷ ತುಂಬಿದ ಮೇಲೆ ಹಗುರವಾದ ಸವಾರನು ಕೆಲವು ನಿಮಿಷ ಮಾತ್ರ ಏರಬಹುದು. ಕುದುರೆಯ ಎಲುಬುಗಳಲ್ಲಿ ಬೆನ್ನೆಲುಬು ಎಲ್ಲಕ್ಕಿಂತ ತಡವಾಗಿ ಬಲಿಯುವುದರಿಂದ ಈ ವಿಷಯದಲ್ಲಿ ಅವಸರ ಕೂಡದು.

ಕಡಿವಾಣವಿಲ್ಲದೆ ಕುದುರೆಯು ಕಿತ್ತುಕೊಂಡು ಓಡಿದರೆ ಗತಿಯೇನೆಂದು ಕೇಳುವವರಿಗೆ ಹೇಳಬೇಕಾದ ಮಾತೊಂದಿದೆ. ನಾನೂರು ಕಿಲೋಗ್ರಾಂ ತೂಕದ ಪ್ರಾಣಿಯನ್ನು ಯಾವ ಮನುಷ್ಯನೂ ತೋಳ್ಬಲದಿಂದ ತಡೆಯಲಾರನು. ಹೆದರಿ ಓಡುವ ಕುದುರೆಯ ಎರಡು ಲಗಾಮುಗಳನ್ನೂ ಒಟ್ಟಿಗೆ ಬಿಗಿಹಿಡಿದರೆ ಬಾಯಿಯ ನೋವಿನಿಂದ ಹೆದರಿಕೆಯು ಇಮ್ಮಡಿಯಾಗಿ ಓಟವು ಹೆಚ್ಚುವುದೇ ಅನೇಕ ವೇಳೆ ಆಗುವ ಸಂಗತಿ. ಅದನ್ನು ನಿಲ್ಲಿಸುವ ಉಪಾಯವೆಂದರೆ, ಬಯಲಿದ್ದಲ್ಲಿ ಒಂದು ಪಕ್ಕದ ಲಗಾಮನ್ನು ಬಿಟ್ಟು ಬಿಟ್ಟು ಎಳೆಯುತ್ತ ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಕ್ರಮವಾಗಿ ಚಿಕ್ಕದಾಗುವ ಸುತ್ತುಗಳಲ್ಲಿ ಅದರ ವೇಗವನ್ನು ಇಳಿಸುವುದು. ಒಮ್ಮೆಲೇ ತಲೆಯನ್ನು ಮೊಣಕಾಲಿನವರೆಗೆ ಎಳೆದರೆ ಕುದುರೆಯೇ ಉರುಳೀತು. ಈ ತಿರುವನ್ನು ಅಂಗಳದಲ್ಲಿ ನಡಿಗೆಯ ವೇಗದಲ್ಲಿಯೇ ನೂರು ಸಲ ಕಲಿಸಿಟ್ಟಿದ್ದರೆ ಮಾತ್ರ ಗಾಬರಿಯ ಹೊತ್ತಿನಲ್ಲಿ ಕೈಗೆ ಬರುವುದು. ಕಲಿಸದಿದ್ದಲ್ಲಿ ಬಾಯಲ್ಲಿ ಯಾವ ಕಬ್ಬಿಣವಿದ್ದರೂ ಉಪಯೋಗವಿಲ್ಲ.

ಹೀಗೆ ನಾಲ್ಕೂವರೆ ಐದು ವರ್ಷಕ್ಕೆ ಬಂದ ಕುದುರೆಗೆ ಕಡಿವಾಣವು ಬೇಕೋ ಬೇಡವೋ ಎಂಬುದು ಕೆಲಸದ ಮೇಲೆ ಹೋಗುತ್ತದೆ. ಹೊಲ ತೋಟಗಳನ್ನು ಸುತ್ತಿಬರುವ ಸವಾರಿಗೆ, ಮೂಗುಪಟ್ಟಿಯಲ್ಲಿ ಸರಿಯಾಗಿ ಕಲಿತ ಕುದುರೆಗೆ, ಅದರ ಅವಶ್ಯಕತೆಯೇ ಇಲ್ಲ. ಬೇಲಿ ಹಾರುವ ಅಂತರರಾಷ್ಟ್ರೀಯ ಪಂದ್ಯಗಳಲ್ಲಿಯೂ ಕಡಿವಾಣವಿಲ್ಲದ ಲಗಾಮಿಗೆ ಅನುಮತಿಯಿದೆ. ನಡೆಯ ಸೊಬಗನ್ನು ಪರೀಕ್ಷಿಸುವ ಪಂದ್ಯಗಳಲ್ಲಿ ಮಾತ್ರ ಇದುವರೆಗೂ ಕಡಿವಾಣವನ್ನು ಕಡ್ಡಾಯಮಾಡಿದೆ. ಗಾಡಿಯ ವಿಷಯ ಬೇರೆ. ಗಾಡಿ ಹೊಡೆಯುವವನು ಹಿಂದೆ ದೂರದಲ್ಲಿ ಕುಳಿತಿರುವುದರಿಂದ ಸವಾರನಂತೆ ಕಾಲಿನಿಂದಲೂ ಮೈಯ ಭಾರದಿಂದಲೂ ಸೂಚನೆ ಕೊಡಲಾರನು. ಮೋಟಾರುಗಳ ನಡುವೆ ಸೂಕ್ಷ್ಮವಾಗಿ ತಿರುಗಿಸಬೇಕಾಗುವುದು. ಅಂತಹ ರಸ್ತೆಗಳಲ್ಲಿ ನುಣುಪಾದ ನೇರಬಳೆಯ ಕಡಿವಾಣವನ್ನು ಹಾಕುವುದು ಯುಕ್ತವೇ ಆಗಿದೆ. ಹಾಕುವ ಮೊದಲು ಪಶುವೈದ್ಯರಿಂದ ಬಾಯನ್ನು ಪರೀಕ್ಷಿಸಿ, ಚೂಪಾದ ದವಡೆಹಲ್ಲಿನ ಅಂಚುಗಳನ್ನು ಅರ ಹಾಕಿಸಿ, ಮೇಲೆ ಹೇಳಿದ ಚಿಕ್ಕ ಹಲ್ಲಿದ್ದು ಅದು ಅಡ್ಡಿಯಾಗುವಂತಿದ್ದರೆ ಅವರಿಂದಲೇ ಕೀಳಿಸತಕ್ಕದ್ದು. ಬಾಯಿಗೆ ಅಡ್ಡವಾಗಿ ದಾರವನ್ನು ಹಿಡಿದು ಅಗಲವನ್ನು ಅಳೆದು, ಎರಡು ಪಕ್ಕಗಳಲ್ಲಿಯೂ ಅರ್ಧ ಸೆಂಟಿಮೀಟರಿನಷ್ಟು ಹೊರಚಾಚುವ ಸರಳನ್ನು ಆರಿಸಬೇಕು. ತೆಳುವಾದ ಸರಳು ಕೊಯ್ಯುತ್ತದೆ. ಪಂದ್ಯದ ನಿಯಮಗಳಲ್ಲಿ ದೊಡ್ಡ ಕುದುರೆಗೆ 14 ಮಿಲಿಮೀಟರಿಗೂ ಚಿಕ್ಕ ತಟ್ಟುವಿಗೆ 10 ಮಿಲಿಮೀಟರಿಗೂ ಕಡಿಮೆ ದಪ್ಪ ಕೂಡದೆಂದಿದೆ. ದಪ್ಪವು ಹೆಚ್ಚಿದಷ್ಟೂ ಸೌಮ್ಯವೆಂದು ಎಣಿಸಬಾರದು. ನಮ್ಮ ನಾಡತಟ್ಟುಗಳ ಕಿರಿಬಾಯಲ್ಲಿ ದಪ್ಪ ಸರಳಿಗೆ ಜಾಗವೇ ಇರುವುದಿಲ್ಲ. ಮೊದಲ ಕೆಲವು ದಿನ ಲಗಾಮು ಕಟ್ಟದೆ ಬಾಯಲ್ಲಿ ಸುಮ್ಮನೆ ಇಟ್ಟು, ಮೂಗುಪಟ್ಟಿಯಿಂದಲೇ ನಡೆಸಿ, ಆಮೇಲೆ ಎರಡನ್ನೂ ಜೊತೆಗೂಡಿಸಬೇಕು. ಕಡಿವಾಣವನ್ನು ತಪ್ಪಿಸಿಕೊಳ್ಳಲು ಬಾಯ್ದೆರೆಯುವ ಕುದುರೆಗೆ ಪಟ್ಟಿಯಿಂದ ಬಾಯನ್ನು ಬಿಗಿಯುವ ಪದ್ಧತಿಯು ನೋವನ್ನು ಮುಚ್ಚುವುದಲ್ಲದೆ ನಿವಾರಿಸುವುದಿಲ್ಲ.

ಕುದುರೆಯನ್ನು ಕೊಳ್ಳುವಾಗಲೂ ಬಾಯಿಯ ಈ ಜ್ಞಾನವು ಹಣವನ್ನು ಉಳಿಸುತ್ತದೆ. ವಯಸ್ಸಿಗಾಗಿ ಬಾಚಿಹಲ್ಲನ್ನು ನೋಡಿ ಬಾಯಿ ಮುಚ್ಚಿಬಿಡುವುದು ಸಾಮಾನ್ಯ. ಅದರ ಬದಲು ತುಟಿಯ ಮೂಲೆಗಳನ್ನು ಸರಿಸಿ ಬಿಳಿಯ ಗೆರೆಗಳೋ ಗಂಟುಗಳೋ ಇವೆಯೇ ಎಂದು ನೋಡಬೇಕು. ಹಲ್ಲಿಲ್ಲದ ತೆರಪಿನ ಒಸಡಿನ ಮೇಲೆ ಬೆರಳಾಡಿಸಿ, ಎರಡು ಪಕ್ಕಗಳೂ ಸಮವಾಗಿವೆಯೋ ಇಲ್ಲವೆ ಮೂಳೆಯು ಉಬ್ಬಿ ತರಿತರಿಯಾಗಿದೆಯೋ ತಿಳಿಯಬೇಕು. ನಾಲಗೆಯ ಅಂಚಿನಲ್ಲಿ ಹಳೆಯ ಕಚ್ಚುಗಳಿವೆಯೇ ಪರೀಕ್ಷಿಸಬೇಕು. ಮೂಳೆಯುಬ್ಬಿದ ಬಾಯಿಯು ಹಿಂದಿನ ಮಾಲೀಕನ ಕೈ ಎಂತಹದೆಂಬುದನ್ನು ಹೇಳುತ್ತದೆ; ಅಂತಹ ಕುದುರೆಯನ್ನು ಮೂಗುಪಟ್ಟಿಯಲ್ಲಿ ಮತ್ತೆ ಮೊದಲಿನಿಂದ ಕಲಿಸಲು ತಿಂಗಳುಗಳೇ ಹಿಡಿಯುವುದರಿಂದ ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿ ಕೇಳಬಹುದು. ಅಗಿದ ಹುಲ್ಲನ್ನು ಉಂಡೆಯುಂಡೆಯಾಗಿ ಉಗುಳುವ ಕುದುರೆಗೆ ಹಲ್ಲಿನ ರೋಗವಿರುವುದರಿಂದ ಮೊದಲು ಅದರ ಚಿಕಿತ್ಸೆಯಾಗದೆ ಕಡಿವಾಣದ ಮಾತೇ ಬೇಡ.

ಕಡಿವಾಣವನ್ನು ಬಳಸುವ ಮನೆಯಲ್ಲಿ ಕುದುರೆಗೊಂದರಂತೆ ಬೇರೆ ಬೇರೆ ಇರಬೇಕು. ದವಡೆಯ ಕೆಳಗೆ ಬಾವು ಕಟ್ಟುವ ಸ್ಟ್ರಾಂಗಲ್ಸ್ ರೋಗವೂ, ಮನುಷ್ಯರಿಗೂ ಹತ್ತಬಲ್ಲ ಮಾರಕವಾದ ಗ್ಲ್ಯಾಂಡರ್ಸ್ ರೋಗವೂ, ನೀರಿನ ತೊಟ್ಟಿ ಮತ್ತು ಬಾಯಿಯ ಸಾಮಾನುಗಳ ಮೂಲಕ ಒಂದರಿಂದ ಇನ್ನೊಂದಕ್ಕೆ ಹರಡುತ್ತವೆ. ಸವಾರಿ ಮುಗಿದೊಡನೆ ಜೊಲ್ಲೂ ಹುಲ್ಲಿನ ಚೂರೂ ಒಣಗುವ ಮುಂಚೆ ಶುದ್ಧವಾದ ನೀರಿನಲ್ಲಿ ತೊಳೆದು ಒರೆಸಿಡತಕ್ಕದ್ದು. ಬಳೆಯು ಹಾಯುವ ರಂಧ್ರವು ಸವೆದು ಅಂಚು ಎದ್ದಿದ್ದರೆ ಅದು ತುಟಿಯನ್ನು ಚಿವುಟುವುದರಿಂದ ಆ ಕಡಿವಾಣವನ್ನು ಅಂದೇ ಬಿಸಾಡಬೇಕು. ಬೇಸಗೆಯಲ್ಲಿ ಬಿಸಿಲಿಗೆ ನೇತುಹಾಕಿದ ಕಬ್ಬಿಣವನ್ನು ಹಾಗೆಯೇ ಬಾಯಿಗೆ ಇಡದೆ, ಮೊದಲು ತನ್ನ ಮುಂಗೈಯ ಒಳಭಾಗಕ್ಕೆ ತಾಗಿಸಿ ನೋಡಿಕೊಳ್ಳುವುದನ್ನು ಪ್ರತಿಯೊಬ್ಬ ಕಾಸದಾರನಿಗೂ ಕಲಿಸಿರಬೇಕು.